ನಿದ್ದೆಯೇ ಬೇಡವೆನಿಸಿದ ರಾತ್ರಿಗಳು

ರಾತ್ರಿ ಎರಡು ಗಂಟೆಗೆ ನಮ್ಮ ಚಿಕ್ಕಪ್ಪ ಅಂಗಳದಲ್ಲಿ ಬೈಕ್ ತೊಳೆಯುತ್ತಿದ್ದರು. ಅದು ನಾಲ್ಕನೇ ರಾತ್ರಿ. ನಿದ್ದೆ ಬರುತ್ತಿಲ್ಲ ಅಂತ ಒದ್ದಾಡುತ್ತಿದ್ದರು ಅಂತಲ್ಲ, ನಿದ್ದೆ ಬೇಕು ಅಂತಲೇ ಅವರಿಗೆ ಅನ್ನಿಸುತ್ತಿರಲಿಲ್ಲ. ತೋಟಕ್ಕೆ ಹೊಸ ಬೋರ್‌ವೆಲ್, ಪೇಟೆಯಲ್ಲಿ ಎರಡು ಅಂಗಡಿ, ಕೇಳಿದವರಿಗೆಲ್ಲ ಸಾಲ. ಮಾತು ಒಂದು ಕಡೆ ನಿಲ್ಲುತ್ತಿರಲಿಲ್ಲ. "ಈಗಲಾದ್ರೂ ಖುಷಿಯಾಗಿದ್ದಾನಲ್ಲ, ಬಿಡಿ" ಅಂದರು ಅಜ್ಜಿ. ಹಿಂದಿನ ವರ್ಷ ಇದೇ ಚಿಕ್ಕಪ್ಪ ಮೂರು ತಿಂಗಳು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಆಗ ಏನೋ ಕಾಯಿಲೆ ಅಂತ ಎಲ್ಲರಿಗೂ ಗೊತ್ತಾಗಿತ್ತು. ಈ ಖುಷಿಯೂ ಅದೇ ಕಾಯಿಲೆಯ ಇನ್ನೊಂದು ತುದಿ ಅಂತ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಇದರ ಹೆಸರು ಬೈಪೋಲಾರ್ ಕಾಯಿಲೆ. ಮನಸ್ಸು ಉಕ್ಕಿದರೆ ಮೇನಿಯಾ, ಕುಸಿದರೆ ಖಿನ್ನತೆ. ನೂರರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ರಕ್ತ ಪರೀಕ್ಷೆಯಲ್ಲಾಗಲಿ ಸ್ಕ್ಯಾನ್‌ನಲ್ಲಾಗಲಿ ಇದನ್ನು ಹಿಡಿಯಲು ಆಗುವುದಿಲ್ಲ. ಡಾಕ್ಟರು ನೋಡುವುದು ಕಾಯಿಲೆ ನಡೆದು ಬಂದ ದಾರಿಯನ್ನು. ಹೀಗೆ ನೋಡುವುದನ್ನು ಕಲಿಸಿಕೊಟ್ಟವರು ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್. ಬಂದು, ಹೋಗಿ, ಮತ್ತೆ ಬರುವ ಏರಿಳಿತದ ಕಾಯಿಲೆಯನ್ನು ಅವರು 1899ರಲ್ಲಿ, ನಾವಿವತ್ತು ಸ್ಕಿಜೋಫ್ರೇನಿಯಾ ಅನ್ನುವ, ಇಲ್ಲದ ದನಿ ಕೇಳಿಸುವಂಥ ಇನ್ನೊಂದು ಮನೋರೋಗದಿಂದ ಬೇರೆ ಮಾಡಿ ತೋರಿಸಿದರು.

ಅದಕ್ಕೇ ಹಿಂದಿನ ಕಥೆ ಅಷ್ಟು ಮುಖ್ಯ. ಜನ ಡಾಕ್ಟರ ಹತ್ತಿರ ಹೋಗುವುದು ಜಾಸ್ತಿ ಕುಸಿದಿದ್ದಾಗ. ಉಕ್ಕಿದ ದಿನಗಳ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ಅದು ಕಾಯಿಲೆ ಅಂತ ಅನ್ನಿಸಿದ್ದರೆ ತಾನೆ! ಆದರೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರಿಗೆ ಮೇನಿಯಾ ಕೆರಳಬಹುದು. "ನಿದ್ದೆ ಕಮ್ಮಿ ಇದ್ದರೂ ಸುಸ್ತಿಲ್ಲದೆ ಓಡಾಡಿದ್ದು ಯಾವಾಗಲಾದರೂ ಇದೆಯಾ?" ಅಂತ ಡಾಕ್ಟರು ಚಿಕ್ಕಮ್ಮನನ್ನು ಕೇಳಿದಾಗಲೇ ನಮಗೆ ಎರಡೂ ಒಂದೇ ದಾರದಲ್ಲಿವೆ ಅಂತ ಗೊತ್ತಾಗಿದ್ದು.

ಕಾರಣ? ವಂಶವಾಹಿಗಳ ಪಾಲು ದೊಡ್ಡದು. ಆದರೂ ಅಪ್ಪನಿಗೋ ಅಮ್ಮನಿಗೋ ಇದ್ದ ಮಾತ್ರಕ್ಕೆ ಮಕ್ಕಳಿಗೆ ಬಂದೇ ಬರುತ್ತದೆ ಅಂತಿಲ್ಲ. ಹೆಚ್ಚಿನ ಮಕ್ಕಳಿಗೆ ಬರುವುದೇ ಇಲ್ಲ. ನಿದ್ದೆಗೆಡುವುದು, ಹೆರಿಗೆ, ದೊಡ್ಡ ಆಘಾತ, ಇವು ಕಿಡಿ ಹೊತ್ತಿಸಬಹುದು. ಗಾಳಿ ಮೆಟ್ಟಿದ್ದಲ್ಲ, ಸಾಕಿದವರ ತಪ್ಪೂ ಅಲ್ಲ.

ಚಿಕಿತ್ಸೆಯ ಕಥೆ ಇನ್ನೂ ಸೊಗಸು. ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಡಾಕ್ಟರು ಮೇನಿಯಾ ರೋಗಿಗಳ ಮೂತ್ರದಲ್ಲಿ ಏನೋ ವಿಷ ಇರಬೇಕು ಅಂತ ಹುಡುಕುತ್ತಿದ್ದರು. ಮೂತ್ರದಲ್ಲಿರುವ ಯೂರಿಕ್ ಆಮ್ಲವನ್ನೂ ಪರೀಕ್ಷಿಸಬೇಕಿತ್ತು, ಆದರೆ ಅದು ನೀರಿನಲ್ಲಿ ಸರಿಯಾಗಿ ಕರಗದು. ಕರಗಲಿ ಅಂತ ಲಿಥಿಯಂ ಎಂಬ ಹಗುರ ಲೋಹದ ಜೊತೆ ಸೇರಿದ ಅದರ ಲವಣ ಬಳಸಿದರು. ಚುಚ್ಚಿಸಿಕೊಂಡ ಗಿನಿಯಿಲಿಗಳು ಸುಮ್ನೆ ಮಲಗಿಬಿಟ್ಟವು! ಕೇಡ್ ಮೊದಲು ತಾವೇ ಲಿಥಿಯಂ ನುಂಗಿ ನೋಡಿದರು, ಆಮೇಲೆ ರೋಗಿಗಳಿಗೆ ಕೊಟ್ಟರು. ವರ್ಷಗಳಿಂದ ಉಕ್ಕಿ ಹರಿಯುತ್ತಿದ್ದ ಮೊದಲ ರೋಗಿ ಕೆಲವೇ ವಾರಗಳಲ್ಲಿ ಶಾಂತರಾದರು. 1949ರಲ್ಲಿ ಇದು ಪ್ರಕಟವಾಯಿತು. ಮರುವರ್ಷ ಅದೇ ರೋಗಿ ಲಿಥಿಯಂ ವಿಷವೇರಿ ತೀರಿಕೊಂಡರು. ರಕ್ತದಲ್ಲಿ ಅದು ಎಷ್ಟಿದೆ ಅಂತ ಅಳೆದು ಮಾತ್ರೆ ಕೊಡುವ ಪದ್ಧತಿ ಆಗಿನ್ನೂ ಬಂದಿರಲಿಲ್ಲ.

ಈಗ ಅಳೆಯುತ್ತಾರೆ. ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇದ್ದರೆ ಔಷಧ, 1.5 ದಾಟಿದರೆ ವಿಷದ ಭಯ. ವಾಂತಿ, ಭೇದಿ, ಬಿಸಿಲಿನ ಬೆವರು, ಕೆಲವು ನೋವಿನ ಮಾತ್ರೆಗಳು, ಯಾವುದರಿಂದಲೂ ಮಟ್ಟ ಏರಬಹುದು. ಮೂತ್ರಪಿಂಡ, ಥೈರಾಯ್ಡ್ ಕೂಡ ಆಗಾಗ ಪರೀಕ್ಷೆ ಆಗಬೇಕು. ಇಷ್ಟೆಲ್ಲ ಕಟ್ಟುಪಾಡಿದ್ದರೂ ಲಿಥಿಯಂ ಇವತ್ತಿಗೂ ಮುಂಚೂಣಿಯ ಔಷಧ. ಆತ್ಮಹತ್ಯೆ ತಡೆಯುವುದರಲ್ಲಿ ಅದಕ್ಕೆ ಒಳ್ಳೆ ಹೆಸರಿದೆ. ಎಲ್ಲರಿಗೂ ಅದು ಒಗ್ಗುವುದಿಲ್ಲ. ಬೇರೆ ಔಷಧಗಳೂ ಇವೆ, ಜೊತೆಗೆ ಆಪ್ತಸಲಹೆಯೂ ಬೇಕು. ಯಾರನ್ನು ಕೇಳುವುದು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ.

ಚಿಕ್ಕಪ್ಪ ಒಮ್ಮೆ "ಈಗ ಚೆನ್ನಾಗಿದೀನಲ್ಲ" ಅಂತ ಮಾತ್ರೆ ಬಿಟ್ಟರು. ಕೆಲವು ತಿಂಗಳಲ್ಲೇ ಕಾಯಿಲೆ ಮರಳಿತು. ಈಗ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಅವರು ಮಲಗಿದ ಗಂಟೆಗಳನ್ನು ಚಿಕ್ಕಮ್ಮ ಬರೆಯುತ್ತಾರೆ. ಏಳು, ಏಳೂವರೆ, ಆರು. ಸತತ ಎರಡು ದಿನ ನಾಲ್ಕಕ್ಕೆ ಇಳಿದರೆ ಚಿಕ್ಕಪ್ಪನೇ ಡಾಕ್ಟರಿಗೆ ಫೋನ್ ಮಾಡುತ್ತಾರೆ.