ಕೊಂಬು ತೊರಕೆಗೆ ಕೊಂಬೇ ಇಲ್ಲ

2020ರ ಅಕ್ಟೋಬರ್‌ನಲ್ಲಿ ಮಲ್ಪೆ ಬಂದರಿನಲ್ಲಿ ಎರಡು ಮೀನುಗಳನ್ನು ಕ್ರೇನ್ ತಂದು ಎತ್ತಬೇಕಾಯಿತು. ಒಂದು ಸುಮಾರು 750 ಕೆಜಿ, ಇನ್ನೊಂದು 250 ಕೆಜಿ. ಆ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಕರಾವಳಿಯಲ್ಲಿ ಇದನ್ನು ಕೊಂಬು ತೊರಕೆ ಅನ್ನುತ್ತಾರೆ; ತೊರಕೆ ಅಂದರೆ ರೆಕ್ಕೆ ಬಿಚ್ಚಿದಂತೆ ಕಾಣುವ ಚಪ್ಪಟೆ ಮೀನು. ಹೊರಗಿನವರಿಗೆ ಇದು ಮಾಂಟಾ ರೇ.

ಈ ಮೀನಿನ ಕಷ್ಟಗಳೆಲ್ಲ ಆ ಕೊಂಬಿನಿಂದಲೇ ಶುರುವಾದವು ಅನ್ನಿಸುತ್ತದೆ. ಹಿಂದಿನ ನಾವಿಕರು ಇದನ್ನು ದೆವ್ವದ ಮೀನು ಎಂದು ಕರೆದರು. ಮಾಂಟಾ ಅಂದರೆ ಸ್ಪ್ಯಾನಿಷ್‌ನಲ್ಲಿ ಕಂಬಳಿ. ಮುತ್ತು ಹೆಕ್ಕಲು ಮುಳುಗಿದವರನ್ನು ಕಂಬಳಿಯಂತೆ ಸುತ್ತಿ ಕೊಲ್ಲುತ್ತದೆ ಎಂಬ ಹೆದರಿಕೆ ಇತ್ತು. ಲಂಗರಿನ ಹಗ್ಗ ಹಿಡಿದು ದೋಣಿಯನ್ನೇ ಎಳೆದೊಯ್ಯುತ್ತದೆ ಎಂಬ ಕಥೆಗಳೂ ಇದ್ದವು. ಅದರಲ್ಲಿ ಒಂದಿಷ್ಟು ನಿಜ ಇದೆ. ಈ ಮೀನಿಗೆ ಹಿಂದಕ್ಕೆ ಈಜಲು ಬರುವುದಿಲ್ಲ. ಹಗ್ಗಕ್ಕೆ ಸಿಕ್ಕಿಕೊಂಡರೆ ಗಾಬರಿಯಿಂದ ಮುಂದಕ್ಕೇ ಓಡುತ್ತದೆ, ಪಾಪ.

ನಿಜ ಹೇಳಬೇಕೆಂದರೆ ಅದು ಕೊಂಬೇ ಅಲ್ಲ. ಬಾಯಿಯ ಎರಡೂ ಬದಿಯಲ್ಲಿರುವ ಮೆತ್ತನೆಯ ರೆಕ್ಕೆಯ ತುಂಡು. ಈಜುವಾಗ ಸುರುಳಿ ಸುತ್ತಿಟ್ಟುಕೊಳ್ಳುತ್ತದೆ, ಅದೇ ಕೊಂಬಿನಂತೆ ಕಾಣುವುದು. ಉಣ್ಣುವ ಹೊತ್ತಿಗೆ ಬಿಚ್ಚಿ ಬೊಗಸೆ ಒಡ್ಡಿದ ಹಾಗೆ ಹಿಡಿಯುತ್ತದೆ. ಏಳು ಮೀಟರ್ ಅಗಲದವರೆಗೂ ಬೆಳೆಯುವ ಈ ಜೀವಿ ಬಹುಪಾಲು ತಿನ್ನುವುದು ನೀರಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು. ನೀರು ಕಿವಿರಿನ ಜರಡಿಯ ಮೂಲಕ ಹೊರಗೆ ಹೋಗುತ್ತದೆ, ಆಹಾರದ ಕಣಗಳು ಅದಕ್ಕೆ ತಾಗಿ ಪುಟಿದು ಗಂಟಲಿನ ಕಡೆ ಸಾಗುತ್ತವೆ. ಹಾಗಾಗಿ ಜರಡಿ ಕಟ್ಟಿಕೊಳ್ಳುವುದಿಲ್ಲ. ಇದು ಸರಿಯಾಗಿ ತಿಳಿದದ್ದು 2018ರಲ್ಲಿ.

ಉಣ್ಣುವ ಚಂದ ನೋಡಬೇಕೆಂದರೆ ಮಾಲ್ಡೀವ್ಸ್‌ನ ಹನಿಫಾರು ಎಂಬ ಪುಟ್ಟ ಕೊಲ್ಲಿಗೆ ಹೋಗಬೇಕು. ನಮಗೆ ಮಳೆ ತರುವ ಅದೇ ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿ ಉಬ್ಬರದ ನೀರಿನೊಂದಿಗೆ ಆಹಾರ ಬಂದು ತುಂಬಿಕೊಳ್ಳುತ್ತದೆ. ಒಮ್ಮೊಮ್ಮೆ ನೂರಕ್ಕೂ ಹೆಚ್ಚು ಮಾಂಟಾಗಳು ಸೇರುತ್ತವೆ. ಒಂದರ ಬಾಲಕ್ಕೆ ಇನ್ನೊಂದು ಸಾಲುಗಟ್ಟಿ, ಆ ಸಾಲು ಸುತ್ತಿ ಸುತ್ತಿ ಕೊನೆಗೆ ದೊಡ್ಡ ಸುಳಿಯೇ ಆಗುತ್ತದೆ. ಒಂದೇ ಕಡೆ ಆಹಾರ ದಟ್ಟವಾಗಿದ್ದರೆ ಮಾಂಟಾ ಅಲ್ಲೇ ಹಿಮ್ಮುಖವಾಗಿ ಲಾಗ ಹಾಕುತ್ತಾ ಇರುತ್ತದೆ.

ಮೀನುಗಳಲ್ಲೇ ಅತಿ ದೊಡ್ಡ ಮೆದುಳು ಇದರದ್ದು. 2016ರಲ್ಲಿ ಇಬ್ಬರು ವಿಜ್ಞಾನಿಗಳು ತೊಟ್ಟಿಯ ಮಾಂಟಾಗಳ ಮುಂದೆ ಕನ್ನಡಿ ಇಟ್ಟರು. ಅವು ಅದರ ಮುಂದೆ ಮತ್ತೆ ಮತ್ತೆ ತಿರುಗಿ, ನೀರಿನ ಗುಳ್ಳೆ ಬಿಟ್ಟು, ಹೊಟ್ಟೆಯ ಭಾಗ ತೋರಿಸಿದವು. ತಮ್ಮನ್ನು ತಾವು ಗುರುತಿಸಿದವೋ ಎಂಬ ಚರ್ಚೆ ಇನ್ನೂ ಇದೆ. ಇಷ್ಟು ದೊಡ್ಡ ಪ್ರಾಣಿಯ ಬಗ್ಗೆ ನಮಗೆ ಗೊತ್ತಾದದ್ದೆಲ್ಲ ತೀರಾ ಈಚೆಗೆ. 1792ರಲ್ಲೇ ವೈಜ್ಞಾನಿಕ ಹೆಸರು ಸಿಕ್ಕಿತ್ತು. ಆದರೆ ಸಾಗರದ ಮಾಂಟಾ ಬೇರೆ, ಹವಳದ ದಿಬ್ಬಗಳ ಮಾಂಟಾ ಬೇರೆ ಎಂದು ಖಚಿತವಾದದ್ದು 2009ರಲ್ಲಿ.

ಅಷ್ಟರೊಳಗೆ ಬೇಟೆ ಜೋರಾಗಿತ್ತು. ಹೆದರಿಕೆ ಹೋಯಿತು, ಬೆಲೆ ಬಂತು. ಮಾಂಟಾ ಮತ್ತು ಅದರ ಹತ್ತಿರದ ತೊರಕೆಗಳ ಕಿವಿರಿನ ಜರಡಿಯನ್ನು ಒಣಗಿಸಿ ಚೀನಾದ ಗುವಾಂಗ್‌ಝೌ ಮಾರುಕಟ್ಟೆಗೆ ಕಳಿಸುವ ವ್ಯಾಪಾರ ಬೆಳೆಯಿತು. ಅಲ್ಲಿ ಅದನ್ನು ಸೂಪಿಗೆ ಹಾಕಿ, ಮೈಗೆ ಒಳ್ಳೆಯದು ಎಂದು ಕುಡಿಯುತ್ತಾರೆ. ಒಳ್ಳೆಯದು ಅನ್ನಲು ವೈಜ್ಞಾನಿಕ ಆಧಾರ ಇಲ್ಲ. ಇಂಡೊನೇಷ್ಯಾ, ಶ್ರೀಲಂಕಾ, ಭಾರತದಲ್ಲಿ ಹಿಡಿದವು ಅಲ್ಲಿಗೆ ಹೋದವು. 2013ರಲ್ಲಿ, ಅಳಿವಿನ ಭೀತಿಯಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಮಾಂಟಾದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕಿತು. 2014ರಲ್ಲಿ ಇಂಡೊನೇಷ್ಯಾ ಮಾಂಟಾ ಹಿಡಿಯುವುದನ್ನೇ ನಿಷೇಧಿಸಿತು.

ಕಾನೂನು ಬಂದ ಮೇಲೆ ಸಂತತಿ ತಾನಾಗಿ ಹೆಚ್ಚುತ್ತದೆ ಅಂದುಕೊಳ್ಳುವುದು ತಪ್ಪು. ಬಂಗುಡೆ, ಭೂತಾಯಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತವೆ. ಮಾಂಟಾ ಹೆರುವುದು ಸಾಮಾನ್ಯವಾಗಿ ಒಂದೇ ಮರಿ, ಅದೂ ಕೆಲವು ವರ್ಷಗಳಿಗೊಮ್ಮೆ. ತಾಯಿ ಸುಮಾರು ಒಂದು ವರ್ಷ ಹೊರುತ್ತಾಳೆ, ಹೊಟ್ಟೆಯೊಳಗೇ ಹಾಲಿನಂಥ ದ್ರವ ಕೊಟ್ಟು ಸಾಕುತ್ತಾಳೆ. 2007ರಲ್ಲಿ ಜಪಾನಿನ ಒಕಿನಾವಾದ ಅಕ್ವೇರಿಯಂನಲ್ಲಿ ಹೆರಿಗೆಯನ್ನು ಕಣ್ಣಾರೆ ನೋಡಿದರು. ಚಾಪೆ ಸುತ್ತಿದ ಹಾಗೆ ರೆಕ್ಕೆ ಮಡಚಿಕೊಂಡ ಮರಿ ಹೊರಗೆ ಜಾರಿತು. ಬಿಚ್ಚಿಕೊಂಡಾಗ ಅದರ ಅಗಲ ಎರಡು ಮೀಟರಿನ ಹತ್ತಿರ! ಇಂಥ ಒಂದು ತಾಯಿ ಸತ್ತರೆ ಎಷ್ಟು ನಷ್ಟ, ಲೆಕ್ಕ ಹಾಕಿ.

ಮಾಂಟಾವನ್ನೇ ಹುಡುಕಿ ಬಲೆ ಬೀಸದಿದ್ದರೂ ಅದು ಬೇರೆ ಮೀನಿಗೆ ಇಟ್ಟ ಬಲೆಗೆ ಬೀಳುತ್ತದೆ. ಈಜುತ್ತಿದ್ದರೆ ಮಾತ್ರ ಅದಕ್ಕೆ ಉಸಿರು. ಬಲೆಯಲ್ಲಿ ಸಿಕ್ಕು ನಿಂತರೆ ಉಸಿರುಕಟ್ಟುತ್ತದೆ. ಬೇರೆ ಎಷ್ಟೋ ತೊರಕೆಗಳಿಗೆ ಇರುವ ಚುಚ್ಚುವ ಮುಳ್ಳು ಇದರ ಬಾಲದಲ್ಲಿ ಇಲ್ಲ, ಹಾಗಾಗಿ ಬಲೆ ಕತ್ತರಿಸಿ ಬಿಡುವವರು ಅದಕ್ಕೆ ಹೆದರಬೇಕಿಲ್ಲ. ಜೀವಂತ ಇದ್ದರೆ ನೀರಿನಲ್ಲೇ ಇಟ್ಟು ಬಿಡಿಸುವುದು ಒಳ್ಳೆಯದು. ಬೋಟಿಗೆ ಬಂದುಬಿಟ್ಟಿದ್ದರೆ ದಪ್ಪ ಬಲೆ ಅಥವಾ ಟಾರ್ಪಾಲಿನ ಮೇಲೆ ಮಲಗಿಸಿ, ನಾಲ್ಕೂ ಕಡೆ ಹಿಡಿದು ಇಳಿಸಬೇಕು. ಕೊಕ್ಕೆ ಹಾಕಬಾರದು, ಕಿವಿರಿನ ಸೀಳಿಗೆ ಕೈ ಹಾಕಬಾರದು. ಹಿಡಿಯಲು ಸುಲಭ ಅಂತ ಆ ಕೊಂಬು ಹಿಡಿದು ಎಳೆಯಲೇಬಾರದು.