ಕಥಾಸಂವಿಧಾನ: ಕಥೆಯನ್ನು ಹೆಣೆಯುವ ಬಗೆ

‘ಸಂವಿಧಾನ’ ಎಂದೊಡನೆ ಇಂದು ನಮಗೆ ದೇಶದ ಮೂಲ ಕಾನೂನು ನೆನಪಾಗುತ್ತದೆ. ಆದರೆ ಜೋಡಿಸುವುದು, ಅಣಿಗೊಳಿಸುವುದು ಎಂಬುದೇ ಆ ಪದದ ಹಳೆಯ ಅರ್ಥ. ಸಾಹಿತ್ಯ ವಿಮರ್ಶೆಯ ‘ಕಥಾಸಂವಿಧಾನ’ದಲ್ಲಿ ಅದು ಇನ್ನೂ ಉಳಿದುಕೊಂಡಿದೆ. ಸಿನಿಮಾದವರು ಪ್ಲಾಟ್ ಎನ್ನುವುದು ಇದನ್ನೇ. ನಡೆದ ಘಟನೆಗಳೆಲ್ಲವೂ ಕಥೆ. ಅವುಗಳಲ್ಲಿ ಯಾವುದನ್ನು ಮೊದಲು ತೋರಿಸಬೇಕು, ಯಾವುದನ್ನು ತಡೆಹಿಡಿಯಬೇಕು, ಯಾವುದನ್ನು ತೋರಿಸದೆಯೇ ಬಿಡಬೇಕು ಎಂಬ ತೀರ್ಮಾನಗಳು ಸೇರಿ ಆಗುವುದು ಕಥಾಸಂವಿಧಾನ. ರಷ್ಯಾದ ರೂಪನಿಷ್ಠ ವಿಮರ್ಶಕರು (ಕೃತಿಯ ರಚನೆಗೇ ಒತ್ತು ಕೊಟ್ಟವರು) ಇವೆರಡನ್ನು ಕ್ರಮವಾಗಿ ಫಾಬುಲಾ, ಸ್ಯುಜೆಟ್ ಎಂದು ಬೇರ್ಪಡಿಸಿ ಹೆಸರಿಸಿದ್ದರು. ‘ಕಥೆ ಹಳೆಯದೇ, ಆದರೂ ಕೊನೆಯವರೆಗೂ ಕೂರಿಸಿತು’ ಎಂದು ಪ್ರೇಕ್ಷಕರು ಹೇಳುವಾಗ, ತಮಗರಿವಿಲ್ಲದೆಯೇ ಈ ಭೇದವನ್ನು ಗುರುತಿಸಿರುತ್ತಾರೆ.

ಒಂದು ಕಲ್ಪಿತ ಕಥೆಯನ್ನು ತೆಗೆದುಕೊಳ್ಳೋಣ. ಬಾಲ್ಯದಲ್ಲಿ ಕಾಣೆಯಾದ ಅಣ್ಣನನ್ನು ತಂಗಿಯೊಬ್ಬಳು ಹುಡುಕುತ್ತಿದ್ದಾಳೆ; ಅವಳಿಗೆ ನೆರವಾಗುತ್ತಿರುವ ಪೊಲೀಸ್ ಅಧಿಕಾರಿಯೇ ಆ ಅಣ್ಣ. ಒಂದು ದೃಶ್ಯದಲ್ಲಿ ಅವನು ಅಂಗಿಯ ತೋಳು ಮಡಚಿ ಕೈ ತೊಳೆಯುತ್ತಿರುತ್ತಾನೆ. ಅವಳು ಒಳಗೆ ಬಂದ ಕೂಡಲೇ ನೀರು ಇಳಿಯುತ್ತಿರುವಂತೆಯೇ ತೋಳನ್ನು ಕೆಳಗೆಳೆದುಕೊಳ್ಳುತ್ತಾನೆ. ಅವನ ಮೊಣಕೈಯಲ್ಲಿರುವ ಸುಟ್ಟ ಕಲೆ ಬಾಲ್ಯದಲ್ಲೇ ಆದದ್ದು ಎಂಬುದು ಚಿತ್ರದ ಆರಂಭದಲ್ಲೇ ನಮಗೆ ತಿಳಿದಿದ್ದರೆ, ಆ ಅರೆಕ್ಷಣದಲ್ಲಿ ನಮ್ಮ ಉಸಿರು ಬಿಗಿಹಿಡಿಯುತ್ತದೆ. ತಿಳಿದಿರದಿದ್ದರೆ ಅದು ಬರಿಯ ಕೈ ತೊಳೆಯುವ ದೃಶ್ಯವಾಗಿ ಸರಿದುಹೋಗಿ, ಗುಟ್ಟು ರಟ್ಟಾದಾಗ ಮಾತ್ರ ಥಟ್ಟನೆ ಮರಳಿ ಬರುತ್ತದೆ. ಘಟನೆ, ನಟ, ಕ್ಯಾಮೆರಾ ಯಾವುದೂ ಬದಲಾಗದಿದ್ದರೂ, ನಮಗೆ ಏನು ಯಾವಾಗ ತಿಳಿಯಿತು ಎಂಬುದೊಂದೇ ಬದಲಾದ್ದರಿಂದ ಅನುಭವವೇ ಬೇರೆಯಾಯಿತು.

ಚಿತ್ರ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಇದನ್ನು ಮೇಜಿನ ಕೆಳಗಿನ ಬಾಂಬಿನ ಉದಾಹರಣೆಯಿಂದ ವಿವರಿಸುತ್ತಿದ್ದರು. ಮೇಜಿನ ಸುತ್ತ ಪಾತ್ರಗಳು ಮಾತಾಡುತ್ತಿರುವಾಗ ಮುನ್ಸೂಚನೆಯಿಲ್ಲದೆ ಬಾಂಬು ಸಿಡಿದರೆ ಪ್ರೇಕ್ಷಕನಿಗೆ ದಕ್ಕುವುದು ಹದಿನೈದು ಸೆಕೆಂಡುಗಳ ಬೆರಗು. ಬಾಂಬಿರುವುದು ಅವನಿಗೆ ಮೊದಲೇ ಗೊತ್ತಿದ್ದು ಪಾತ್ರಗಳಿಗೆ ಗೊತ್ತಿರದಿದ್ದರೆ, ಅದೇ ನೀರಸ ಸಂಭಾಷಣೆ ಹದಿನೈದು ನಿಮಿಷಗಳ ಕಾತರವಾಗುತ್ತದೆ. ಜನಪ್ರಿಯ ಚಿತ್ರಗಳಲ್ಲಿ ಬೆರಗಿನ ತಿರುವುಗಳಿಗೇ ಹೆಚ್ಚು ಹೊಗಳಿಕೆ ಸಿಗುತ್ತದೆಯಾದರೂ, ನಮ್ಮನ್ನು ಕುರ್ಚಿಗೆ ಕಟ್ಟಿಹಾಕುವುದು ಹೆಚ್ಚಾಗಿ ಈ ಕಾತರವೇ ಎಂದು ನನ್ನ ಎಣಿಕೆ.

ಅರಿಸ್ಟಾಟಲ್ ಕಥಾಸಂವಿಧಾನವನ್ನು ದುರಂತ ನಾಟಕದ ಆತ್ಮವೆಂದರೆ, ಭರತನ ನಾಟ್ಯಶಾಸ್ತ್ರ ಇತಿವೃತ್ತವನ್ನು, ಅಂದರೆ ನಾಟಕದ ಕಥಾವಸ್ತುವನ್ನು, ನಾಟ್ಯದ ಶರೀರವೆಂದಿತು. ಭರತನ ಮಾತು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ, ಏಕೆಂದರೆ ನಾವು ಸವಿಯುವುದು ರಸವನ್ನು, ಆ ರಸ ನೆಲೆಗೊಳ್ಳಲು ಬೇಕಾದ ಮೈಯೇ ಸಂವಿಧಾನ. ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ ಎಂದು ಭರತನು ಗುರುತಿಸಿದ ಐದು ಅವಸ್ಥೆಗಳು ನಾಯಕನ ಗುರಿ ಮೊಳೆತು, ಕೈಗೆಟಕುವಂತೆ ತೋರಿ, ಕೊನೆಗೆ ಸಿದ್ಧಿಸುವ ಹಾದಿಯನ್ನು ಹೇಳುತ್ತವೆ. ಇವುಗಳಲ್ಲಿ ನಡುವಿನ ಪ್ರಾಪ್ತ್ಯಾಶೆಯನ್ನು ವಿಶೇಷವಾಗಿ ಗಮನಿಸಬೇಕು: ಫಲ ಸಿಕ್ಕೀತೆಂಬ ಆಸೆಯೂ ತಪ್ಪೀತೆಂಬ ಆತಂಕವೂ ಒಟ್ಟಿಗೆ ಇರುವ ಈ ಘಟ್ಟ ಸಡಿಲವಾದರೆ, ‘ಸೆಕೆಂಡ್ ಹಾಫ್ ಎಳೆದಿದ್ದಾರೆ’ ಎಂಬ ದೂರು ಹುಟ್ಟುತ್ತದೆ. ಚಿತ್ರಕಥೆ ಬರೆಯುವುದನ್ನು ಕಲಿಸುತ್ತಿದ್ದ ಅಮೆರಿಕದ ಸಿಡ್ ಫೀಲ್ಡ್ 1979ರಲ್ಲಿ ಜನಪ್ರಿಯಗೊಳಿಸಿದ ಮೂರು ಅಂಕಗಳ ಚಿತ್ರಕಥಾ ಮಾದರಿಯಲ್ಲೂ ಸಂಘರ್ಷದ ನಡುವಣ ಅಂಕಕ್ಕೆ ಸುಮಾರು ಅರ್ಧದಷ್ಟು ಅವಧಿ ಮೀಸಲು.

ಹಾಗಿದ್ದರೆ ಅಂತ್ಯ ಮೊದಲೇ ತಿಳಿದರೆ ಸವಿ ಕೆಡುತ್ತದೆಯೇ? ಸಣ್ಣಕಥೆಗಳ ಓದುಗರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಗುಟ್ಟು ಮೊದಲೇ ತಿಳಿದವರೇ ಕಥೆಯನ್ನು ಹೆಚ್ಚು ಮೆಚ್ಚಿದ್ದರು. ಮುಂದಿನ ಕೆಲವು ಪ್ರಯೋಗಗಳಲ್ಲಿ ಇದಕ್ಕೆ ವಿರುದ್ಧವಾದ ಫಲ ಬಂದದ್ದೂ ಉಂಟು. ಗುಟ್ಟೊಂದನ್ನೇ ನೆಚ್ಚಿದ ಚಿತ್ರ ಗುಟ್ಟು ಒಡೆದ ಮೇಲೆ ಬರಿದಾಗುತ್ತದೆ, ನಿಜ. ಆದರೆ ಹೆಣಿಗೆ ಗಟ್ಟಿಯಾಗಿರುವ ಚಿತ್ರವನ್ನು ಎರಡನೆಯ ಬಾರಿ ನೋಡುವಾಗ, ಆ ಅಧಿಕಾರಿ ನಲ್ಲಿಯ ಬಳಿ ನಡೆಯುವ ಮೊದಲೇ ನಮ್ಮ ಕಣ್ಣು ಅವನ ತೋಳಿನ ಮೇಲಿರುತ್ತದೆ.