ಬೆಂಚ್‌ಮಾರ್ಕ್: ದಿನಾಂಕದ ಲೈಬ್ರರಿಗಳ ವೇಗವನ್ನು ಅಳೆಯುವುದು

ಬೆಂಚ್‌ಮಾರ್ಕ್ ಎಂಬ ಪದ ಭೂಮಾಪನದಿಂದ ಬಂದದ್ದು. ಸರ್ವೇ ಮಾಡುವವರು ಕಲ್ಲಿನ ಮೇಲೆ ಒಂದು ಅಡ್ಡಗೆರೆ ಕೊರೆದು, ಸುತ್ತಲಿನ ಎತ್ತರಗಳನ್ನೆಲ್ಲ ಆ ಗೆರೆಯಿಂದಲೇ ಅಳೆಯುತ್ತಿದ್ದರು. ಕಂಪ್ಯೂಟರ್ ಲೋಕದಲ್ಲಿ ಅದರ ಅರ್ಥ, ಒಂದೇ ಕೆಲಸವನ್ನು ಒಂದೇ ಸ್ಥಿತಿಯಲ್ಲಿ ಹಲವರಿಂದ ಮಾಡಿಸಿ, ಯಾರು ಎಷ್ಟು ಹೊತ್ತು ತೆಗೆದುಕೊಂಡರು ಎಂದು ನೋಡುವುದು. ದಿನಾಂಕದ ಲೈಬ್ರರಿಗಳನ್ನು, ಅಂದರೆ ದಿನಾಂಕದ ಲೆಕ್ಕಕ್ಕೆಂದು ಮೊದಲೇ ಬರೆದಿಟ್ಟ ಸಿದ್ಧ ಕೋಡನ್ನು, ಹೋಲಿಸುವಾಗ ಎಡವುವುದು ‘ಒಂದೇ ಕೆಲಸ’ ಎಂಬಲ್ಲಿಯೇ.

ಒಂದು ಉದಾಹರಣೆ ನೋಡಿ. ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಬೇಕು. ವೆಬ್ ಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಸ್ವಂತ ಡೇಟ್‌ನಲ್ಲಿ ತಿಂಗಳ ಸಂಖ್ಯೆಯನ್ನಷ್ಟೇ ಒಂದು ಹೆಚ್ಚಿಸಿದರೆ ಅದು ಫೆಬ್ರವರಿ 31 ಎಂದುಕೊಂಡು, ಮಿಕ್ಕ ದಿನಗಳನ್ನು ಮುಂದಕ್ಕೆ ತಳ್ಳಿ, ಮಾರ್ಚ್ 3ಕ್ಕೆ ಹೋಗಿ ನಿಲ್ಲುತ್ತದೆ. ಅಧಿಕ ವರ್ಷವಾದರೆ ಮಾರ್ಚ್ 2. ಮೊಮೆಂಟ್, ಲಕ್ಸನ್, ಡೇಟ್-ಎಫ್‌ಎನ್‌ಎಸ್ ಎಂಬ ಲೈಬ್ರರಿಗಳು ಮಾತ್ರ ಫೆಬ್ರವರಿಯ ಕೊನೆಯ ದಿನದಲ್ಲೇ ನಿಲ್ಲಿಸುತ್ತವೆ. ಸ್ವಂತ ಡೇಟ್ ಇಲ್ಲಿ ಬೇಗ ಮುಗಿಸಿದರೆ ಅದನ್ನು ವೇಗ ಎನ್ನಲಾಗದು, ಅದು ಮಾಡಿದ್ದೇ ಬೇರೆ ಲೆಕ್ಕ. ಹೀಗಾಗಿ ಗಡಿಯಾರ ಹಿಡಿಯುವ ಮೊದಲು ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲೇಬೇಕು. ಎಷ್ಟೋ ಹೋಲಿಕೆಗಳು ಈ ಹೆಜ್ಜೆಯನ್ನು ಬಿಟ್ಟೇಬಿಡುತ್ತವೆ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಇನ್ನೊಂದು ಬಲೆ ಇನ್ನೂ ಸೂಕ್ಷ್ಮವಾದದ್ದು. ಮೊಮೆಂಟ್‌ನಲ್ಲಿ ದಿನಾಂಕಕ್ಕೆ ದಿನ ಕೂಡಿಸಿದರೆ ಅದೇ ವಸ್ತು ಬದಲಾಗುತ್ತದೆ. ಲಕ್ಸನ್ ಮತ್ತು ಡೇಜೆಎಸ್ ಎಂಬ ಇನ್ನೊಂದು ಲೈಬ್ರರಿಯಲ್ಲಿ ಹಳೆಯದು ಹಾಗೆಯೇ ಉಳಿದು ಹೊಸ ವಸ್ತು ಹುಟ್ಟುತ್ತದೆ. ‘ಒಂದು ದಿನ ಕೂಡಿಸು’ ಎಂಬುದನ್ನು ಹತ್ತು ಲಕ್ಷ ಸಲ ಓಡಿಸಿದರೆ, ಮೊಮೆಂಟ್‌ನ ದಿನಾಂಕ ಸುಮಾರು 2,700 ವರ್ಷ ಮುಂದೆ ಹೋಗಿರುತ್ತದೆ. ಉಳಿದವು ಪ್ರತಿ ಸಲವೂ ಅದೇ ನಾಳೆಯನ್ನು ಹೊಸದಾಗಿ ಕಟ್ಟಿರುತ್ತವೆ. ಪರೀಕ್ಷೆಯ ಕೋಡ್ ಒಂದೇ ಸಾಲಿನದು, ನೋಡಲು ಒಂದೇ ಥರ. ಅದಕ್ಕೇ ಈ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ಸಮಯ ಹೋಗುವುದೆಲ್ಲಿ? ಕೂಡುವ ಕಳೆಯುವ ಕೆಲಸದಲ್ಲಿ ಅಷ್ಟಾಗಿ ಅಲ್ಲ. ಒಳಗೆ ದಿನಾಂಕವೆಂದರೆ 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡುಗಳ ಒಂದು ಸಂಖ್ಯೆ, ಅಷ್ಟೇ. ಆ ಸಂಖ್ಯೆಯನ್ನು ಅಕ್ಷರವಾಗಿಸುವುದು, ಅಕ್ಷರವನ್ನು ಓದಿ ಸಂಖ್ಯೆಯಾಗಿಸುವುದು, ನಡುವೆ ಟೈಮ್‌ಝೋನ್ ನೋಡುವುದು, ದುಬಾರಿ ಕೆಲಸಗಳು ಇವು.

ಸಾವಿರ ಸಾಲುಗಳ ಪಟ್ಟಿಯೊಂದನ್ನು ದಿನಾಂಕದ ಪ್ರಕಾರ ಜೋಡಿಸಬೇಕೆನ್ನಿ. ಸಾವಿರ ಸಾಲಿನ ಜೋಡಣೆಗೆ ಹೆಚ್ಚುಕಡಿಮೆ ಹತ್ತು ಸಾವಿರ ಹೋಲಿಕೆಗಳು ಬೇಕಾಗಬಹುದು. ಪ್ರತಿ ಹೋಲಿಕೆಯಲ್ಲೂ ಎರಡು ಅಕ್ಷರ ದಿನಾಂಕಗಳನ್ನು ಓದಿಸಿದರೆ ಓದುವ ಕೆಲಸ ಇಪ್ಪತ್ತು ಸಾವಿರ ಸಲ ನಡೆಯುತ್ತದೆ. ಮೊದಲೇ ಒಂದು ಸುತ್ತು ಓದಿ ಸಂಖ್ಯೆಗಳನ್ನು ಪಕ್ಕಕ್ಕಿಟ್ಟುಕೊಂಡರೆ ಸಾವಿರ ಸಲ ಸಾಕು. ಲೈಬ್ರರಿಯನ್ನೇ ಬದಲಿಸಿ ಇಪ್ಪತ್ತು ಪಟ್ಟು ಲಾಭ ಪಡೆಯುವುದು ಅಪರೂಪ. ಇಲ್ಲಿ ಓದುವ ಲೆಕ್ಕ ಅಷ್ಟು ಇಳಿಯುತ್ತದೆ, ಲೈಬ್ರರಿ ಯಾವುದಾದರೂ ಇರಲಿ.

ಬ್ರೌಸರ್‌ನ ಇಂಟ್ಲ್ ಸೌಲಭ್ಯದ ಕಥೆಯೂ ಇಂಥದ್ದೇ. ದಿನಾಂಕವನ್ನು ಆಯಾ ಭಾಷೆಯ ರೂಪದಲ್ಲಿ ಬರೆಯುವ ಫಾರ್ಮ್ಯಾಟರ್ ಒಂದನ್ನು ತಯಾರಿಸುವುದು ಭಾರದ ಕೆಲಸ, ತಯಾರಾದದ್ದನ್ನು ಬಳಸುವುದು ಹಗುರ. ಲೂಪಿನ, ಅಂದರೆ ಮತ್ತೆ ಮತ್ತೆ ಓಡುವ ಕೋಡಿನ, ಒಳಗೆ ಪ್ರತಿ ಸಲ ಹೊಸದು ಮಾಡಿಸಿದವರು ‘ಇಂಟ್ಲ್ ನಿಧಾನ’ ಎನ್ನುತ್ತಾರೆ, ಹೊರಗೆ ಒಂದೇ ಸಲ ಮಾಡಿಟ್ಟುಕೊಂಡವರಿಗೆ ಆ ದೂರಿಲ್ಲ.

ಅಳೆಯುವ ಸಾಧನವನ್ನೂ ಪೂರ್ತಿ ನಂಬುವಂತಿಲ್ಲ. ಜಾವಾಸ್ಕ್ರಿಪ್ಟ್ ಎಂಜಿನ್ ಪದೇ ಪದೇ ಓಡುವ ಕೋಡನ್ನು ಗುರುತಿಸಿ ವೇಗವಾಗಿಸುತ್ತದೆ, ಆದ್ದರಿಂದ ಮೊದಲ ಸುತ್ತುಗಳ ಅಂಕಿಯನ್ನು ಬಿಟ್ಟುಬಿಡಬೇಕು. ಉತ್ತರವನ್ನು ಎಲ್ಲಿಯೂ ಬಳಸದಿದ್ದರೆ ಎಂಜಿನ್ ಆ ಲೆಕ್ಕವನ್ನೇ ಕೈಬಿಡಬಹುದು. ಆಗ ನೀವು ಅಳೆದದ್ದು ಖಾಲಿ ಲೂಪನ್ನು. 2018ರಲ್ಲಿ ಸ್ಪೆಕ್ಟರ್ ಎಂಬ ಭದ್ರತಾ ದೋಷ ಬಯಲಾದ ಮೇಲೆ ಬ್ರೌಸರುಗಳು ತಮ್ಮ ಸೂಕ್ಷ್ಮ ಗಡಿಯಾರವನ್ನು ಬೇಕೆಂದೇ ಒರಟಾಗಿಸಿವೆ. ಒಂದೇ ಸಲ ಓಡಿಸಿ ಪಡೆದ ಅಂಕಿಗೆ ಬೆಲೆಯಿಲ್ಲ.

ಬಳಕೆದಾರರ ಕಡೆಯಿಂದ ನೋಡಿದರೆ ವೇಗಕ್ಕೆ ಇನ್ನೊಂದು ಅರ್ಥವಿದೆ: ಡೌನ್‌ಲೋಡ್ ಗಾತ್ರ. ಡೇಜೆಎಸ್‌ನ ತಿರುಳು ಸಂಕುಚಿಸಿದಾಗ ಸುಮಾರು 2 ಕಿಲೋಬೈಟ್‌ನಷ್ಟೇ ಎಂಬುದು ಅದರ ಹೆಮ್ಮೆ, ಆದರೆ ಟೈಮ್‌ಝೋನ್‌ನಂಥವಕ್ಕೆ ಪ್ಲಗಿನ್ ಸೇರಿಸಬೇಕು. ಡೇಟ್-ಎಫ್‌ಎನ್‌ಎಸ್ ಬಿಡಿ ಫಂಕ್ಷನ್‌ಗಳ ಕಟ್ಟು, ಬೇಕಾದದ್ದು ಮಾತ್ರ ಬರುತ್ತದೆ. ಮೊಮೆಂಟ್‌ನಲ್ಲಿ ಹಾಗೆ ಬಿಡಿಸಿ ತೆಗೆದುಕೊಳ್ಳುವುದು ಕಷ್ಟ. ಹೊಸ ಯೋಜನೆಗಳಿಗೆ ಬೇರೆಯದನ್ನು ಆರಿಸಿಕೊಳ್ಳಿ ಎಂದು 2020ರಲ್ಲಿ ಅದರ ತಂಡವೇ ಹೇಳಿತು. ಮೊಬೈಲ್‌ನಲ್ಲಿ ಪುಟ ತೆರೆದುಕೊಳ್ಳಲು ಕಾಯುತ್ತಿರುವವರಿಗೆ ಸೆಕೆಂಡಿಗೆ ಎಷ್ಟು ಲಕ್ಷ ದಿನಾಂಕ ಎಂಬ ಅಂಕಿಗಿಂತ ಈ ಕಿಲೋಬೈಟುಗಳೇ ಹತ್ತಿರದ ವಿಷಯ.

ಈಗ ಜಾವಾಸ್ಕ್ರಿಪ್ಟ್ ಭಾಷೆಯೊಳಗೇ ಬಂದಿರುವ ಟೆಂಪೊರಲ್ ಎಂಬ ಹೊಸ ದಿನಾಂಕ ಸೌಲಭ್ಯ ಈ ಹೋಲಿಕೆಗೆ ಹೊಸ ತಿರುವು ಕೊಟ್ಟಿದೆ. ಫೈರ್‌ಫಾಕ್ಸ್ 2025ರಲ್ಲಿ ಅದನ್ನು ಸೇರಿಸಿಕೊಂಡಿತು. ಅದರಲ್ಲಿ ಬರೀ ದಿನಾಂಕಕ್ಕೆ ಒಂದು ಬಗೆ, ಟೈಮ್‌ಝೋನ್ ಸಹಿತವಾದ ಕ್ಷಣಕ್ಕೆ ಇನ್ನೊಂದು ಬಗೆ, ಎರಡೂ ಬೇರೆ ಬೇರೆ. ಹುಟ್ಟಿದ ದಿನವನ್ನು ಇಡಲು ಮೊದಲನೆಯದು ಸಾಕು, ಅದಕ್ಕೆ ಟೈಮ್‌ಝೋನ್ ನೋಡುವ ಗೊಡವೆಯೇ ಇಲ್ಲ. ಲಕ್ಸನ್‌ನ ವಸ್ತು ಯಾವಾಗಲೂ ಒಂದು ಟೈಮ್‌ಝೋನನ್ನು ಹೊತ್ತುಕೊಂಡೇ ಇರುತ್ತದೆ. ಇವೆರಡನ್ನು ಓಟಕ್ಕೆ ನಿಲ್ಲಿಸುವುದಾದರೆ ಟೆಂಪೊರಲ್ ಕಡೆಯಿಂದ ಎರಡನೆಯ ಬಗೆಯನ್ನೇ ನಿಲ್ಲಿಸಬೇಕು.